57ಕ್ಕೆ ಕಲಬುರಗಿ ಬಿಟ್ಟು ಕೆನಡಾಗೆ ಹೊರಡಬೇಕು ಅಂತಿದ್ದೀನಿ, ಮನೆ ಹೊಲ ಮಾರಿ ಹೋಗೋದಾ, ಇಟ್ಟು ಹೋಗೋದಾ?

ವೈಂಡಿಂಗ್_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ ಹೇಳಿ.

ನನಗೆ 57, ಹೆಂಡತಿಗೆ 53. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆ ಬಂತಂದ್ರೆ ಹೊಲದ ಸಬ್‌ಮರ್ಸಿಬಲ್ ಮೋಟರ್‌ಗಳು ಸುಟ್ಟುಕೊಂಡು ಸಾಲಾಗಿ ಬರುತ್ತವೆ, ರಾತ್ರಿವರೆಗೂ ಕಾಯಿಲ್ ಸುತ್ತಿ, ವಾರ್ನಿಷ್ ಹಾಕಿ, ಬೆಳಿಗ್ಗೆ ರೈತ ಬಂದು ನಿಲ್ಲೋದರೊಳಗೆ ಒಣಗಿಸಿ ಕೊಡಬೇಕು. ಕೆಲಸ ಬೇಜಾರಾಗಿಲ್ಲ, ಕೈಯೂ ಇನ್ನೂ ಗಟ್ಟಿ ಇದೆ.

ಒಬ್ಬಳೇ ಮಗಳು. ಕೆನಡಾದಲ್ಲಿ ಟೊರಾಂಟೊ ಹತ್ತಿರ ಇದ್ದಾಳೆ, ಗಂಡ ಹೆಂಡತಿ ಇಬ್ಬರಿಗೂ ಪಿಆರ್ (ಅಲ್ಲೇ ಕಾಯಂ ಇರೋ ಪರವಾನಗಿ) ಆಗಿದೆ, ಒಂದು ಸಣ್ಣ ಕೂಸಿದೆ. "ಬಂದುಬಿಡಿ ಪಪ್ಪಾ" ಅಂತ ಮೊದಲಿಂದ ಹೇಳ್ತಾಳೆ. ಆದರೆ ಮಗಳು ಕರೆದಳು ಅಂತಷ್ಟೇ ನಾನು ಹೊರಟಿಲ್ಲ. 25ರ ವಯಸ್ಸಲ್ಲಿ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತ್ತು, ಅದೇ ವರ್ಷ ಅಪ್ಪನಿಗೆ ಲಕ್ವಾ ಹೊಡೀತು, ಹೋಗೋದು ಬಿಟ್ಟೆ. ಆಮೇಲೆ ತಂಗಿಯರ ಮದುವೆ, ಅವ್ವನ ಕಾಯಿಲೆ, ಹೀಗೇ ವಯಸ್ಸು ಕಳೀತು. ಈಗ ಅಪ್ಪ ಅವ್ವ ಇಬ್ಬರೂ ಇಲ್ಲ. ಬೇರೆ ದೇಶ ನೋಡಬೇಕು, ಅಲ್ಲಿ ಬದುಕಿ ನೋಡಬೇಕು ಅನ್ನೋ ಆಸೆ ನನಗೇ ಇದೆ. ಹೆಂಡತಿಗೆ ಅಷ್ಟು ಮನಸ್ಸಿಲ್ಲ, ಬೇಡ ಅಂತಲೂ ಅನ್ನೋದಿಲ್ಲ. ಅವಳಿಗೆ ಬಿಪಿ ಇದೆ, ಮೊಣಕಾಲು ನೋವೂ ಇದೆ.

ಊರಲ್ಲಿ ಶಹಾಬಾದ್ ಕಲ್ಲು ಹಾಸಿದ ಹಳೇ ಮನೆ ಇದೆ. ಆಳಂದ ಕಡೆ ಒಂದು ಹಳ್ಳಿಯಲ್ಲಿ 4 ಎಕರೆ ತೊಗರಿ ಹೊಲ ಇದೆ. ಎರಡಕ್ಕೂ ಒಬ್ಬರೇ ಗಿರಾಕಿ ಬಂದಿದ್ದಾರೆ, ಒಳ್ಳೆ ರೇಟು ಹೇಳ್ತಿದ್ದಾರೆ, ದೀಪಾವಳಿಯೊಳಗೆ ಮಾತು ಮುಗಿಸಿ ಅಂತಿದ್ದಾರೆ. "ಅಲ್ಲಿ ಹೋಗಿ ಕೂತು ಇಲ್ಲಿಯದಕ್ಕೆ ಯಾರನ್ನ ಕಾವಲು ಇಡ್ತಿ, ಮಾರಿ ದುಡ್ಡು ತಗೊಂಡು ಹೋಗು" ಅಂತ ಭಾವ ಹೇಳ್ತಾರೆ. ಮಾರಬೇಕಾ? ನನ್ನ ವಯಸ್ಸಿನವನಿಗೆ ಅಲ್ಲಿ ಕೆಲಸ ಮಾಡೋಕೆ ಬಿಡ್ತಾರಾ? ಈ ವಯಸ್ಸಲ್ಲಿ ಹೋಗಿ ಇದ್ದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ.

ಬೀದರ್_ಅಕ್ಕ:

ಅಣ್ಣಾರೆ, ನಾನು ಬೀದರ್ ಕಡೆಯವಳು, ಈಗ ಇರೋದು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ನಾವೂ ಐವತ್ತು ದಾಟಿದ ಮೇಲೇ ಬಂದವರು. ಮೊದಲು ಒಂದು ಮಾತು, ದೀಪಾವಳಿಯೊಳಗೆ ಏನೂ ಮಾರಬೇಡಿ. ಗಿರಾಕಿಯ ಅವಸರ ಗಿರಾಕಿಗೆ ಇರಲಿ.

ನೀವು ಯಾವ ವೀಸಾದಲ್ಲಿ ಬರ್ತೀರಿ ಅನ್ನೋದರ ಮೇಲೇ ಎಲ್ಲ ನಿಂತಿದೆ, ನೀವು ಅದನ್ನೇ ಬರೆದಿಲ್ಲ. ನಿಮ್ಮ ಸ್ವಂತ ಲೆಕ್ಕದಲ್ಲಿ ಪಿಆರ್ ಅಂದ್ರೆ ಕಷ್ಟ. ಓದು, ಕೆಲಸದ ಅನುಭವ ನೋಡಿ ಪಿಆರ್ ಕೊಡೋ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸಿಗೂ ಅಂಕ ಕೊಡ್ತಾರೆ, 20ರಿಂದ 29ರವರಿಗೆ ಪೂರ್ತಿ, 45ಕ್ಕೆ ಬಂದರೆ ಸೊನ್ನೆ. ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾ ಕೂಡ 45ರೊಳಗಿನವರಿಗೇ. ಹಾಗಾಗಿ ನಮ್ಮ ವಯಸ್ಸಿನವರಿಗೆ ದಾರಿ ಮಕ್ಕಳ ಮೂಲಕವೇ.

ಮಕ್ಕಳು ತಂದೆತಾಯಿಗೆ ಪಿಆರ್ ಮಾಡಿಸೋ ಸ್ಕೀಮ್ ಒಂದಿದೆ, ಆದರೆ 2025ರಲ್ಲಿ ಅದಕ್ಕೆ ಕರೆದದ್ದೂ 2020ರಲ್ಲಿ ಹೆಸರು ಕೊಟ್ಟವರನ್ನೇ. ನಿಮ್ಮ ಮಗಳು ಆವಾಗ ಹೆಸರು ಕೊಟ್ಟಿದ್ದಳಾ ಕೇಳಿ. ಕೊಟ್ಟಿಲ್ಲ ಅಂದ್ರೆ ಸದ್ಯಕ್ಕೆ ಅದನ್ನ ನಂಬಿ ಕೂರಬೇಡಿ. ಉಳಿಯೋದು ಸೂಪರ್ ವೀಸಾ, ಅಂದ್ರೆ ಮಕ್ಕಳ ಹತ್ತಿರ ಬಂದು ಇರೋಕೆ ತಂದೆತಾಯಿಗೆ ಕೊಡೋ ವೀಸಾ. 10 ವರ್ಷದವರೆಗೂ ಕೊಡ್ತಾರೆ, 2022ರ ಜುಲೈನಿಂದ ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು, ಮುಂಚೆ 2 ವರ್ಷ ಇತ್ತು. ಪಾಸ್‌ಪೋರ್ಟ್ ಅವಧಿ ಎಷ್ಟಿದೆಯೋ ವೀಸಾನೂ ಅಷ್ಟಕ್ಕೇ ಸಿಗೋದು, ಅದಕ್ಕೇ ಮೊದಲು ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಳ್ಳಿ. ಮಗಳು ಆದಾಯ ತೋರಿಸಬೇಕು, ನಿಮಗಿಬ್ಬರಿಗೂ ಮೆಡಿಕಲ್ ಆಗುತ್ತೆ, ತಲಾ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಒಂದು ವರ್ಷಕ್ಕೆ ತಗೊಂಡಿರಬೇಕು. ಇದು ಸಣ್ಣ ಖರ್ಚಲ್ಲ. ಸರ್ಕಾರಿ ಆರೋಗ್ಯ ಕಾರ್ಡು ಸೂಪರ್ ವೀಸಾದವರಿಗೆ ಸಿಗೋದಿಲ್ಲ.

ಕೆಲಸದ ವಿಷಯ. ಸೂಪರ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಪರಿಚಯದವರ ಗ್ಯಾರೇಜಲ್ಲಿ ಕ್ಯಾಶ್‌ಗೆ ಮಾಡಿ ಅಂತ ಯಾರಾದರೂ ಹೇಳ್ತಾರೆ, ಒಪ್ಪಬೇಡಿ, ಸಿಕ್ಕಿಬಿದ್ದರೆ ಮುಂದಿನ ವೀಸಾಕ್ಕೂ ಕುತ್ತು. ಮುಂದೆ ಪಿಆರ್ ಆದರೂ ಟೊರಾಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಲೈಸೆನ್ಸ್ ಇಲ್ಲದೆ ಮಾಡೋಕೆ ಬರೋದಿಲ್ಲ. ನಿಮಗೆ ಕಷ್ಟ ಆಗೋದು ಇಲ್ಲೇ ಅನ್ನಿಸುತ್ತೆ ನನಗೆ. ಚಳಿಗೆ ಬೂಟು ಕೋಟು ಸಿಗುತ್ತೆ. ಊರಲ್ಲಿ ನಾಲ್ಕು ಹಳ್ಳಿಯವರು ಹುಡುಕಿಕೊಂಡು ಬರೋ ಮನುಷ್ಯ ಇಲ್ಲಿ ಬೆಳಿಗ್ಗೆ ಎದ್ದು ಏನು ಮಾಡ್ತಾನೆ? ನಮ್ಮ ಯಜಮಾನರು ಮೊದಲ ಚಳಿಗಾಲ ಪೂರ್ತಿ ಕಿಟಕಿ ಹತ್ತಿರ ಕೂತು ಎದುರು ಮನೆಯವರು ಹಿಮ ತೆಗೆಯೋದು ನೋಡ್ತಿದ್ದರು. ಊಟ ಕಡಿಮೆ ಆಯ್ತು, ಮಾತು ಇನ್ನೂ ಕಡಿಮೆ ಆಯ್ತು. ಆಮೇಲೆ ಲೈಬ್ರರಿಗೆ ಹೋಗೋಕೆ ಶುರು ಮಾಡಿದರು. ಅಲ್ಲಿ ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳೋ ಗುಂಪು ಇರುತ್ತೆ, ಫೀ ಇಲ್ಲ. ಪಿಆರ್ ಆದವರಿಗೆ ಸರ್ಕಾರದ ಭಾಷಾ ತರಗತಿಯೂ ಉಚಿತ. ಈಗ ನಮ್ಮವರಿಗೆ ಒಬ್ಬ ಪಂಜಾಬಿ, ಒಬ್ಬ ಪೋರ್ಚುಗೀಸ್ ಗೆಳೆಯರಿದ್ದಾರೆ, ಮೂವರ ಇಂಗ್ಲಿಷೂ ಮೂರು ಥರ, ಆದರೂ ಗಂಟೆಗಟ್ಟಲೆ ಮಾತಾಡ್ತಾರೆ.

ಅಕ್ಕಾರಿಗೂ ಒಂದು ಮಾತು ಹೇಳಿ. ಜೋಳದ ಹಿಟ್ಟು, ಶೇಂಗಾ, ಪುಂಡಿ ಸೊಪ್ಪು ಎಲ್ಲ ಇಲ್ಲಿ ನಮ್ಮವರ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತೆ. ಆದರೆ ಇಲ್ಲಿ ಮನೆ ಕಟ್ಟಿಗೆಯವು. ನಾನು ಬಂದ ಹೊಸದರಲ್ಲಿ ರೊಟ್ಟಿ ಬಡಿಯೋಕೆ ಶುರು ಮಾಡಿದರೆ ಕೆಳಗೆ ಬಾಡಿಗೆಗಿದ್ದ ಹುಡುಗ ಮೇಲೆ ಬಂದು "ಆಂಟಿ, ಏನಾದರೂ ರಿಪೇರಿ ನಡೀತಿದೆಯಾ" ಅಂತ ಪಾಪ ಗಾಬರಿಯಿಂದ ಕೇಳಿದ. ಈಗ ಕಲ್ಲಿನ ಕೆಳಗೆ ಮಡಚಿದ ದಪ್ಪ ಟವೆಲ್ ಹಾಕ್ತೀನಿ, ಹಗಲು ಹೊತ್ತೇ ಮಾಡಿ ಇಡ್ತೀನಿ. ಮೊಣಕಾಲು ನೋವಿದ್ದವರಿಗೆ ಹಿಮಕ್ಕಿಂತ ಹಿಮ ಕರಗಿ ಗಾಜಿನ ಥರ ಗಟ್ಟಿಯಾಗುತ್ತಲ್ಲ ಅದು ಅಪಾಯ. ನಡಿಗೆ ಅಂದ್ರೆ ಆ ತಿಂಗಳುಗಳಲ್ಲಿ ಮಾಲ್ ಒಳಗೇ.

ನನ್ನ ಸಲಹೆ ಇಷ್ಟೇ. ಸೂಪರ್ ವೀಸಾ ಮಾಡಿಸಿ, ಅಕ್ಟೋಬರ್‌ನಲ್ಲಿ ಬನ್ನಿ, ಜೂನ್‌ನಲ್ಲಿ ಅಲ್ಲ. ಬೇಸಿಗೆಯಲ್ಲಿ ಬಂದವರಿಗೆಲ್ಲ ಈ ದೇಶ ಚೆಂದ ಕಾಣುತ್ತೆ. ಒಂದು ಚಳಿಗಾಲ ಇಬ್ಬರೂ ಕಳೀರಿ, ಆಮೇಲೆ ಮನೆ ವಿಚಾರ ಮಾಡಿ. ಅಂಗಡಿಯನ್ನ ಅಲ್ಲಿವರೆಗೂ ನಿಮ್ಮ ಹುಡುಗರ ಕೈಗೆ ಕೊಟ್ಟಿರಿ, ಮುಚ್ಚಬೇಡಿ.

ಯಾದಗಿರಿ_ನಿವೃತ್ತ_ಬ್ಯಾಂಕ್:

ಬೀದರ್ ಅಕ್ಕ ಹೇಳಿದ್ದು ಸರಿ. ನಾನು ದುಡ್ಡಿನ ಕಡೆ ಮಾತ್ರ ಹೇಳ್ತೀನಿ, ಬ್ಯಾಂಕಿನಲ್ಲಿ ಇಂಥ ಕೇಸು ಬಹಳ ನೋಡಿದ್ದೀನಿ.

ಮನೆ ಬೇರೆ, ಹೊಲ ಬೇರೆ. ಎರಡನ್ನೂ ಒಂದೇ ಮಾತಲ್ಲಿ ಮಾರಬೇಡಿ ಸರ್. ಹೊಲ ಈಗ ನಿಮ್ಮದಿದೆ, ನೀವು ಎನ್‌ಆರ್‌ಐ ಆದ ಮೇಲೂ ಇಟ್ಟುಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಎನ್‌ಆರ್‌ಐ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಈಗ ಮಾರಿ, ಮೂರು ವರ್ಷ ಬಿಟ್ಟು ಅಲ್ಲಿಂದಲೇ "ಅರ್ಧ ಎಕರೆಯಾದರೂ ಇರಲಿ" ಅಂತ ಮನಸ್ಸಾದರೆ ಆಗೋದಿಲ್ಲ, ವಾಪಸ್ ಬಂದು ಇಲ್ಲೇ ನೆಲೆಸಿದ ಮೇಲೇ. ಹಳ್ಳಿ ಹೊಲ ಪಟ್ಟಣದ ಮಿತಿಯಿಂದ ದೂರ ಇದ್ದರೆ ಮಾರಿದಾಗ ಲಾಭದ ಮೇಲಿನ ಕ್ಯಾಪಿಟಲ್ ಗೇನ್ಸ್ ತೆರಿಗೆಯೂ ಬರೋದಿಲ್ಲ, ಆ ಸವಲತ್ತು ಮುಂದೆ ಮಾರಿದರೂ ಇರುತ್ತೆ. ಅಂದ ಮೇಲೆ ಅವಸರ ಯಾಕೆ? ತೊಗರಿಗೆ 2025-26ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ಇಟ್ಟಿದ್ದಾರೆ. ತಮ್ಮನೋ ಯಾರೋ ನೋಡಿಕೊಳ್ಳಲಿ, ಆದರೆ ಬಾಯಿಮಾತಲ್ಲಿ ಗೇಣಿಗೆ ಬಿಟ್ಟು ವರ್ಷಗಟ್ಟಲೆ ಹೋಗಬೇಡಿ. ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆಯಲ್ಲಿ ಗೇಣಿಗೇ ಅವಕಾಶವಿಲ್ಲ, ನಾಳೆ ತಕರಾರು ಬಂದರೆ ಬಿಡಿಸೋರು ಯಾರು? ಹೋಗೋ ಮುಂಚೆ ಪಹಣಿ ತೆಗೆಸಿ ನೋಡಿ. ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿಕೊಳ್ಳಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಇದನ್ನ ಮಾಡಿಸದೇ ಹೋದವರು ಬಹಳ.

ಮನೆ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಅದನ್ನ ಎಂದಾದರೂ ಮಾರೋದು ಖಚಿತ ಅಂದ್ರೆ, ಎನ್‌ಆರ್‌ಐ ಆಗೋ ಮುಂಚೆ ಮಾರೋದು ಸುಲಭ. ಎನ್‌ಆರ್‌ಐ ಮಾರಿದರೆ ಕೊಳ್ಳೋನು ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರಿದುಕೊಳ್ಳೋ ತೆರಿಗೆ) ಜಾಸ್ತಿ ಹಿಡೀತಾನೆ, ಆಮೇಲೆ ರಿಟರ್ನ್ ಹಾಕಿ ವಾಪಸ್ ಪಡೀಬೇಕು. 2024ರ ಜುಲೈಗಿಂತ ಮುಂಚೆ ಕೊಂಡ ಮನೆಗೆ ಇಂಡೆಕ್ಸೇಶನ್ (ಬೆಲೆಯೇರಿಕೆ ನೋಡಿ ಕೊಂಡ ಬೆಲೆ ಹೆಚ್ಚಿಸಿ ಲೆಕ್ಕ ಹಾಕೋದು) ಜೊತೆ 20 ಪರ್ಸೆಂಟ್ ತೆರಿಗೆ ಲೆಕ್ಕ ಹಾಕೋ ಆಯ್ಕೆ ಇಲ್ಲಿ ವಾಸ ಇರುವವರಿಗೆ ಮಾತ್ರ ಉಳಿಸಿದ್ದಾರೆ. ಇಷ್ಟಾದರೂ ನಾನು ಮಾರಿ ಅನ್ನೋದಿಲ್ಲ. ಸೂಪರ್ ವೀಸಾದಲ್ಲಿ ಒಂದು ಚಳಿಗಾಲ ನೋಡಿ ಬರೋಕೆ ಹೋದರೆ ಅಷ್ಟಕ್ಕೇ ನೀವು ಎನ್‌ಆರ್‌ಐ ಆಗೋದಿಲ್ಲ. ಅಲ್ಲೇ ನೆಲೆಸ್ತೀನಿ ಅಂತ ತೀರ್ಮಾನ ಮಾಡಿ ಹೋದಾಗ ಸೇವಿಂಗ್ಸ್ ಖಾತೆಯನ್ನ ಎನ್‌ಆರ್‌ಒ (ಎನ್‌ಆರ್‌ಐಗಳ ರೂಪಾಯಿ ಖಾತೆ) ಮಾಡಿಸಬೇಕು. ಎನ್‌ಆರ್‌ಒ ಖಾತೆಯಿಂದ ತೆರಿಗೆ ಕಟ್ಟಿ ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್‌ವರೆಗೂ ಹೊರಗೆ ಕಳಿಸಿಕೊಳ್ಳಬಹುದು. ಅಂದ್ರೆ ದುಡ್ಡು ಇಲ್ಲಿದ್ದರೂ ನಿಮ್ಮ ಕೈಗೆ ಸಿಗೋದು ತಪ್ಪೋದಿಲ್ಲ, ಭಾವ ಹೇಳಿದ ಹಾಗೆ ಹೊರಡೋವಾಗಲೇ ಎಲ್ಲ ತಗೊಂಡು ಹೋಗಬೇಕಿಲ್ಲ.

ಇನ್ನೊಂದು. ಇಲ್ಲಿಯ ಆರೋಗ್ಯ ವಿಮೆ ಇದ್ದರೆ ನಿಲ್ಲಿಸಬೇಡಿ, ಕಂತು ಕಟ್ಟುತ್ತಾ ಇರಿ. ನಿಂತು ಹೋಗಿ ಹೊಸದು ತಗೊಂಡರೆ ಬಿಪಿಯಂಥ ಹಳೇ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು.

ಹುಮನಾಬಾದ್_ದಮ್ಮಾಮ್:

ಅಣ್ಣಾ, ನೀವು ಮಸ್ಕತ್ ಬಗ್ಗೆ ಬರೆದದ್ದು ಓದಿ ಮನಸ್ಸಿಗೆ ಹತ್ತಿರವಾಯಿತು. ನಾನು 51ಕ್ಕೆ ಸೌದಿಗೆ ಬಂದವನು, ಪ್ಲಾಂಟ್ ಮೆಂಟೆನೆನ್ಸ್‌ನಲ್ಲಿದ್ದೀನಿ. ನಿಮ್ಮಂಥ ಕೈಕೆಲಸದವರಿಗೆ ಇಲ್ಲಿ ಬೆಲೆ ಇದೆ, ಆದರೆ 60 ಹತ್ತಿರ ಬಂದ ಹಾಗೆ ಕಂಪನಿಗಳು ಹೊಸಬರನ್ನ ತಗೊಳ್ಳೋದು ಕಡಿಮೆ, ಇದು ಕುಟುಂಬ ಕಟ್ಟಿಕೊಂಡು ನೆಲೆಸೋ ಜಾಗವೂ ಅಲ್ಲ. ದುಡಿಯೋ ಆಸೆಗೆ ಒಂದೆರಡು ವರ್ಷ ಅಂದ್ರೆ ಬೇರೆ ಮಾತು. ಹತ್ತನೇ ಪಾಸಾಗದವರೂ 50 ದಾಟಿದ್ದರೆ ಇಸಿಎನ್‌ಆರ್ ಪಾಸ್‌ಪೋರ್ಟ್‌ಗೆ ಅರ್ಹರು, ಅಂದ್ರೆ ಕೆಲಸಕ್ಕೆ ಹೊರದೇಶ ಹೋಗೋಕೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿಲ್ಲ. ಆದರೂ ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡದೆ ಒಂದು ರೂಪಾಯಿನೂ ಕೊಡಬೇಡಿ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ್ದು 30,000 ಮತ್ತು ಅದರ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಕೇಳಿದರೆ ಎದ್ದು ಬನ್ನಿ.

ಸೇಡಂ_ಸಿಸ್ಟರ್:

ಮಧ್ಯೆ ಕೇಳ್ತಿದ್ದೀನಿ, ತಪ್ಪು ತಿಳೀಬೇಡಿ. ನನಗೆ 48, ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಲಂಡನ್‌ಗೆ ಕೇರ್ ವರ್ಕರ್ ವೀಸಾ ಮಾಡಿಸಿ ಕೊಡ್ತೀವಿ ಅಂತ ಒಬ್ಬರು 8 ಲಕ್ಷ ಕೇಳ್ತಿದ್ದಾರೆ. ಮಗನ ಫೀಸಿಗೆ ಇಟ್ಟ ದುಡ್ಡಿದೆ. ಕೊಡಬಹುದಾ?

ಹುಮನಾಬಾದ್_ದಮ್ಮಾಮ್:

ಕೊಡಬೇಡ್ರಿ ಅಕ್ಕಾ. 2025ರ ಜುಲೈ 22ರಿಂದ ಬ್ರಿಟನ್ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನ ಕರೆಸಿಕೊಳ್ಳೋದು ನಿಲ್ಲಿಸಿದೆ. ಇಲ್ಲದ ವೀಸಾ ಮಾರ್ತಿದ್ದಾರೆ ಅವರು. ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ, ಆನ್‌ಲೈನಲ್ಲಿ ಹೋದ ದುಡ್ಡಾದರೆ ಬೇಗ ಹೇಳಿದಷ್ಟು ತಡೆಹಿಡಿಯೋ ಅವಕಾಶ ಜಾಸ್ತಿ. ನೀವು ನಿಜವಾದ ನರ್ಸ್ ಅಲ್ವಾ, ನಿಮಗೆ ಬೇರೆ ದಾರಿ ಇದೆ. ಜರ್ಮನಿಯಲ್ಲಿ ನರ್ಸ್‌ಗಳು ಬೇಕು, ಜರ್ಮನ್ ಭಾಷೆ ಬಿ2 ಮಟ್ಟಕ್ಕೆ, ಅಂದ್ರೆ ಸರಾಗವಾಗಿ ಮಾತಾಡೋಷ್ಟು, ಕಲೀಬೇಕು, ಸರ್ಟಿಫಿಕೇಟಿಗೆ ಅಲ್ಲಿಯ ಮಾನ್ಯತೆ ತಗೋಬೇಕು. 45 ದಾಟಿದವರಿಗೆ ಸಂಬಳ ಇಂತಿಷ್ಟಾದರೂ ಇರಬೇಕು ಇಲ್ಲವೇ ವೃದ್ಧಾಪ್ಯಕ್ಕೆ ಪಿಂಚಣಿ ವ್ಯವಸ್ಥೆ ತೋರಿಸಬೇಕು ಅನ್ನೋ ನಿಯಮ ಇದೆ, ಅದನ್ನ ಮೊದಲು ವಿಚಾರಿಸಿ ಆಮೇಲೆ ಭಾಷೆಗೆ ದುಡ್ಡು ಹಾಕಿ.

ಸುರಪುರ_ಮಾಸ್ತರ:

ಎಲ್ಲರೂ ಕಾಗದದ ಮಾತಾಡಿದರು, ನಾನು ಬೇರೆ ಕೇಳ್ತೀನಿ. ಮಗಳ ಮನೆಯಲ್ಲಿ ನೀವು ಯಾರಾಗಿ ಇರ್ತೀರಿ? ಮಗಳು ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರೋದು, ಕೂಸು ನಿಮ್ಮ ಮನೆಯವರ ಕೈಯಲ್ಲಿ. ಮೊಮ್ಮಕ್ಕಳನ್ನ ನೋಡೋದು ಯಾವ ಅಜ್ಜಿಗೂ ಸಂತೋಷವೇ, ಆದರೆ ಮೊಣಕಾಲು ನೋವಿರೋ ಅಕ್ಕಾರು ದಿನವಿಡೀ ಒಬ್ಬರೇ ಕೂಸಿನ ಹಿಂದೆ ಓಡೋದು ಅಂದ್ರೆ ಅದು ಕೆಲಸ. ಎಷ್ಟು ಹೊತ್ತು ನೋಡಿಕೊಳ್ಳೋದು, ಡೇಕೇರ್‌ಗೆ ಕಳಿಸೋದಾ ಇಲ್ವಾ, ನಿಮ್ಮ ಕೈಖರ್ಚಿಗೆ ಯಾವ ದುಡ್ಡು, ಇವೆಲ್ಲ ಟಿಕೆಟ್ ಮಾಡೋ ಮುಂಚೆ ಮಗಳ ಹತ್ತಿರ ಬಾಯಿಬಿಟ್ಟು ಮಾತಾಡಿ. ಮಗಳ ಹತ್ತಿರ ಹೇಗೆ ಕೇಳೋದು ಅಂತ ನಾವು ಸುಮ್ನೆ ಇರ್ತೀವಿ, ಅವರೂ ಸುಮ್ನೆ ಇರ್ತಾರೆ, ಆರು ತಿಂಗಳಿಗೆ ಮನಸ್ಸು ಕೆಡುತ್ತೆ. ನನ್ನ ಸ್ವಂತ ಅಕ್ಕನ ಮನೆಯಲ್ಲಿ ಹೀಗಾಗಿದೆ, ಅದಕ್ಕೇ ಹೇಳ್ತಿದ್ದೀನಿ.

ಹೋಗಬೇಡಿ ಅಂತ ಅಲ್ಲ. ನಿಮಗೆ ಆಸೆ ಇದೆ, ಹೋಗಿ. ಆದರೆ ಅಕ್ಕಾರು "ಬೇಡ ಅನ್ನೋದಿಲ್ಲ" ಅಂದ್ರೆ ಒಪ್ಪಿದಾರೆ ಅಂತ ಲೆಕ್ಕ ಹಾಕಬೇಡಿ.

ವೈಂಡಿಂಗ್_ಕಲಬುರಗಿ:

ಎಲ್ಲರಿಗೂ ಬಹಳ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವಳಿಗೆ ಓದಿ ಹೇಳಿದೆ. ಮಾಸ್ತರ ಸರ್ ಬರೆದದ್ದಕ್ಕೆ ಬಂದಾಗ ಅವಳು ಹಿಡಿದಿದ್ದ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. "ಕೂಸನ್ನ ನೋಡ್ತೀನಿ, ಆದರೆ ಹೊಲ ಮಾರಿ ಬರೋಕೆ ಹೇಳಬೇಡಿ, ನಾಳೆ ಅಲ್ಲಿ ಹೊಂದಿಕೆ ಆಗದಿದ್ದರೆ ತಿರುಗಿ ಬರೋಕೆ ನನಗೊಂದು ಜಾಗ ಬೇಕು" ಅಂದಳು. ಇಷ್ಟು ದಿನ ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮಗಳಿಗೂ ಫೋನ್ ಮಾಡಿದೆವು. 2020ರಲ್ಲಿ ಅವಳಿಗಿನ್ನೂ ಪಿಆರ್ ಆಗಿರಲಿಲ್ಲ, ಹಾಗಾಗಿ ಆ ಸ್ಕೀಮ್ ಇಲ್ಲ. ಕೂಸು ಡೇಕೇರ್‌ಗೆ ಹೋಗುತ್ತೆ, ಅದನ್ನ ಬಿಡಿಸೋದಿಲ್ಲ ಅಂತ ತಾನಾಗೇ ಹೇಳಿದಳು. ಗಿರಾಕಿಗೆ ಬೇಡ ಅಂತ ಹೇಳಿದ್ದೀನಿ. ಪಹಣಿ ನೋಡಿದೆ, ಅಪ್ಪನ ಹೆಸರಲ್ಲೇ ಇದೆ, ನಾಡಕಚೇರಿಗೆ ಹೋಗಬೇಕು. ಅಂಗಡಿಯಲ್ಲಿ ನನ್ನ ಹತ್ತಿರ ಕಲಿತ ಹುಡುಗನೊಬ್ಬ ಚೆನ್ನಾಗಿ ಕೆಲಸ ಮಾಡ್ತಾನೆ, ಅವನಿಗೆ ಪಾಲಿನ ಮೇಲೆ ಬಿಟ್ಟು ಮುಂದಿನ ಅಕ್ಟೋಬರ್‌ಗೆ ಹೊರಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೀವಿ.

ಬೀದರ್ ಅಕ್ಕಾ, ಒಂದೇ ಪ್ರಶ್ನೆ. ಮನೆಯವಳ ಬಿಪಿ ಮಾತ್ರೆಯನ್ನ ಡಾಕ್ಟರ್ ಬದಲಿಸಬೇಕು ಅಂತಿದ್ದಾರೆ. ಈ ವಿಮೆಗೆ ಅದರಿಂದ ತೊಂದರೆ ಇದೆಯಾ?

ಬೀದರ್_ಅಕ್ಕ:

ಇದೆ, ಈಗಲೇ ಕೇಳಿದ್ದು ಒಳ್ಳೇದಾಯ್ತು. ಹಳೇ ಕಾಯಿಲೆಗೆ ಕವರ್ ಕೊಡೋ ಪಾಲಿಸಿಗಳಲ್ಲಿ, ವಿಮೆ ಶುರುವಾಗೋ ಮುಂಚೆ ಇಂತಿಷ್ಟು ದಿನ ಕಾಯಿಲೆ ಸ್ಥಿರವಾಗಿರಬೇಕು ಅಂತ ಷರತ್ತು ಇರುತ್ತೆ, ಕೆಲವದರಲ್ಲಿ 90 ದಿನ, ಕೆಲವದರಲ್ಲಿ 180. ಆ ಅವಧಿಯಲ್ಲಿ ಮಾತ್ರೆ ಬದಲಾದರೆ, ಡೋಸ್ ಹೆಚ್ಚು ಕಡಿಮೆ ಆದರೂ ಸ್ಥಿರ ಅಲ್ಲ ಅಂತ ಕ್ಲೇಮ್ ತಳ್ಳಿಹಾಕಬಹುದು. ಅದಕ್ಕೇ ಬದಲಿಸೋದಿದ್ದರೆ ಈಗಲೇ ಬದಲಿಸಿಬಿಡಲಿ, ಅಕ್ಟೋಬರ್‌ಗೆ ಬೇಕಾದಷ್ಟು ಟೈಮ್ ಇದೆ. ಆದರೆ ವಿಮೆಗೋಸ್ಕರ ಡಾಕ್ಟರ್ ಹೇಳಿದ ಮಾತ್ರೆ ತಡ ಮಾಡಬೇಡಿ. ಅರ್ಜಿಯಲ್ಲಿ ಬಿಪಿ, ಮೊಣಕಾಲು ಎರಡನ್ನೂ ಬರೀರಿ, ಏನೂ ಮುಚ್ಚಿಡಬೇಡಿ. ಡಾಕ್ಟರ್ ಚೀಟಿ ಮೇಲೆ ಮಾತ್ರೆಯ ಕಂಪನಿ ಹೆಸರಿನ ಜೊತೆ ಔಷಧಿಯ ಹೆಸರನ್ನೂ ಬರೆಸಿಕೊಳ್ಳಿ, ನಮ್ಮ ಕಡೆ ಬ್ರಾಂಡ್ ಇಲ್ಲಿಯ ಫಾರ್ಮಸಿಯವರಿಗೆ ಗೊತ್ತಾಗೋದಿಲ್ಲ.