ಓದುಗರ ಸ್ಪಂದನ: ಸಂದರ್ಶನ ಮುಗಿದಿವೆ, ಥೀಸಿಸ್ ಮುಂದೆ ಹೋಗುತ್ತಿಲ್ಲ

ಕಳೆದ ವಾರದ ಸಮಸ್ಯೆ: ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಮನೆಗೆಲಸ ಮಾಡುವ ಹೆಂಗಸರ ಬದುಕು ನನ್ನ ವಿಷಯ. ಸಂದರ್ಶನಗಳೆಲ್ಲ ಮುಗಿದಿವೆ. ಆದರೆ ಬರೆಯಲು ಕೂತರೆ ಒಂದು ಪುಟವೂ ಆಗುವುದಿಲ್ಲ. ಗೈಡ್ ಹತ್ತಿರ ಹೋದರೆ ‘ಇನ್ನೂ ಸ್ವಲ್ಪ ಓದಿ’ ಎನ್ನುತ್ತಾರೆ. ಓದಿದಷ್ಟೂ ಗೊಂದಲ ಜಾಸ್ತಿ. ಮನೆಯವರದ್ದು ‘ಯಾವಾಗ ಮುಗಿಯುತ್ತೆ’ ಎಂಬ ಒಂದೇ ಪ್ರಶ್ನೆ. ಬಿಟ್ಟುಬಿಡಲಾ?

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಿಷಯ ಏನು ಅಂತ ಹೇಳಿದ್ದೀರಿ, ಪ್ರಶ್ನೆ ಏನು ಅಂತ ಹೇಳಿಲ್ಲ. ಬರವಣಿಗೆ ನಿಂತಿರುವುದು ಅಲ್ಲೇ ಅಂತ ನನಗೆ ಬಲವಾಗಿ ಅನಿಸುತ್ತಿದೆ. ‘ಮನೆಗೆಲಸದ ಹೆಂಗಸರ ಬದುಕು’ ಅಂದರೆ ಅದಕ್ಕೆ ಕೊನೆಯೇ ಇಲ್ಲ. ‘ಸಂಬಳ ಹೆಚ್ಚಿಸಿ ಎಂದು ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ, ಯಾಕೆ?’ ಅಂದರೆ ಅದಕ್ಕೆ ಉತ್ತರ ಹುಡುಕಬಹುದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಬರೆದಾಗ ಒಬ್ಬೊಬ್ಬರ ದುಃಖದ ಕಥೆಗೆ ಹೋಗಲಿಲ್ಲ. ಆತ್ಮಹತ್ಯೆಯ ಪ್ರಮಾಣ ಒಂದು ಗುಂಪಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಯಾಕೆ ಎಂದು ಕೇಳಿದರು. ಅಷ್ಟು ದೊಡ್ಡ ವಿಷಯ ಕೈಗೆ ಸಿಕ್ಕಿದ್ದು ಪ್ರಶ್ನೆಯನ್ನು ಹಾಗೆ ಕಟ್ಟಿದ್ದರಿಂದ.

ಈಗ ಎಲ್ಲ ಸಂದರ್ಶನಗಳನ್ನೂ ಒಟ್ಟಿಗೆ ಹರಡಿಕೊಳ್ಳಬೇಡಿ. ನಿಮಗೆ ಮತ್ತೆ ಮತ್ತೆ ನೆನಪಾಗುವ ನಾಲ್ಕೈದನ್ನು ಮಾತ್ರ ಎತ್ತಿಕೊಳ್ಳಿ. ಸಾಲು ಸಾಲಾಗಿ ಓದಿ, ಅಲ್ಲಿ ಬಂದ ವಿಷಯಕ್ಕೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಹೆಸರು ಕೊಡುತ್ತಾ ಹೋಗಿ. ದೊಡ್ಡ ಸಿದ್ಧಾಂತದ ಪದಗಳು ಬೇಡ, ಆ ಹೆಂಗಸರೇ ಆಡಿದ ಮಾತುಗಳನ್ನೇ ಇಡಿ. ಒಂದೇ ಹೆಸರು ಮೂರು ಕಡೆ ಬಂತು ಅಂದರೆ ಅದರ ಬಗ್ಗೆ ಅರ್ಧ ಪುಟ ಬರೆಯಿರಿ. ಯಾರ ಮಾತು ಉಳಿದವರ ಜೊತೆ ಹೊಂದುವುದಿಲ್ಲವೋ ಅವರನ್ನು ಬಿಡಬೇಡಿ, ಒಳ್ಳೆಯ ಅಧ್ಯಾಯ ಹುಟ್ಟುವುದು ಸಾಮಾನ್ಯವಾಗಿ ಅಂಥವರಿಂದಲೇ. ಸಂಶೋಧನೆಯಲ್ಲಿ ‘ಕೋಡಿಂಗ್’ ಅನ್ನುವುದು ಹೀಗೆ ಹೆಸರಿಟ್ಟು ವಿಂಗಡಿಸುವುದನ್ನೇ. ಸಾಫ್ಟ್‌ವೇರ್ ಇದ್ದರೆ ಹುಡುಕುವುದು ಸುಲಭ, ಆದರೆ ಯೋಚನೆ ನೀವೇ ಮಾಡಬೇಕು.

ಇನ್ನೊಂದು ಮಾತು. ಮೊದಲ ಅಧ್ಯಾಯದಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಸಂಶೋಧನಾ ವಿಧಾನದ ಅಧ್ಯಾಯ ಮೊದಲು ಬರೆಯಿರಿ. ಯಾರನ್ನು ಹೇಗೆ ಹುಡುಕಿದಿರಿ, ಒಪ್ಪಿಗೆ ಹೇಗೆ ತೆಗೆದುಕೊಂಡಿರಿ, ಯಾರು ಮಾತಾಡಲು ಒಪ್ಪಲಿಲ್ಲ, ಮಾಲೀಕರು ಮನೆಯಲ್ಲಿದ್ದಾಗ ಉತ್ತರ ಬದಲಾಯಿತಾ? ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ? ಯಾವ ಪುಸ್ತಕವನ್ನೂ ತೆರೆಯದೆ ಬರೆಯಬಹುದು.
– ಸಮಾಜಶಾಸ್ತ್ರ ಸಂಶೋಧಕಿ

*

ನೋಡಮ್ಮ, ನಾನು ಬಹಳ ವರ್ಷ ಗೈಡ್ ಆಗಿದ್ದವನು. ‘ಇನ್ನೂ ಓದಿ’ ಎಂಬ ಮಾತು ಸಾಮಾನ್ಯವಾಗಿ ಯಾವಾಗ ಬರುತ್ತದೆ ಗೊತ್ತಾ? ಎದುರಿಗೆ ಬರಹ ಇಲ್ಲದಾಗ. ಬಾಯಿಮಾತಿನ ಗೊಂದಲಕ್ಕೆ ಯಾವ ಗೈಡೂ ಖಚಿತ ಉತ್ತರ ಕೊಡಲಾರರು. ಎರಡು ಪುಟ ಬರೆದು, ಭೇಟಿಗೆ ಮೊದಲೇ ಕಳಿಸಿ. ಕೊನೆಯಲ್ಲಿ ಮೂರು ಪ್ರಶ್ನೆ ಇರಲಿ, ಹೌದು ಅಥವಾ ಅಲ್ಲ ಎನ್ನಬಹುದಾದ ಪ್ರಶ್ನೆಗಳು. ಭೇಟಿ ಮುಗಿದ ದಿನವೇ, ಏನು ಮಾತಾಯಿತು, ಮುಂದಿನ ಭೇಟಿ ಯಾವತ್ತು ಎಂದು ಒಂದು ಮೇಲ್ ಹಾಕಿ. ಹೀಗೆ ಕೆಲವು ತಿಂಗಳು ಮಾಡಿದ ಮೇಲೂ ಅವರು ಓದದೇ ಇದ್ದರೆ ಆ ಮೇಲ್‌ಗಳನ್ನು ಹಿಡಿದು ವಿಭಾಗದ ಮುಖ್ಯಸ್ಥರನ್ನು ಕಾಣಿ. ಗೈಡ್ ಬದಲಾವಣೆ ಕೇಳುವುದರಲ್ಲಿ ತಪ್ಪೇನಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಪ್ರಸಂಗ ನಿಮಗೂ ಗೊತ್ತಿರಬಹುದು. 1948ರಲ್ಲಿ ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸೂಚಿಸಿದರು. ಹಾಗೆ ಬರೆದ ಪುಸ್ತಕ 1976ರಲ್ಲಿ ಬಂತು. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಇಷ್ಟು: ಒಂದು ಬೆಳಿಗ್ಗೆ ಟ್ರಾನ್ಸ್‌ಕ್ರಿಪ್ಟ್‌ಗಳನ್ನೆಲ್ಲ, ಅಂದರೆ ಸಂದರ್ಶನದ ಮಾತುಗಳನ್ನು ಬರೆದಿಟ್ಟ ಹಾಳೆಗಳನ್ನು, ಮುಚ್ಚಿಡಿ. ಆ ಹೆಂಗಸರಿಂದ ನಿಮಗೆ ತಿಳಿದದ್ದು ಏನು ಎಂದು ನೆನಪಿನಿಂದಲೇ ಬರೆಯಿರಿ. ಆಮೇಲೆ ಟ್ರಾನ್ಸ್‌ಕ್ರಿಪ್ಟ್ ತೆಗೆದು ಸರಿಯೋ ತಪ್ಪೋ ನೋಡಿ. ಅಂದ ಹಾಗೆ, ನಿಮ್ಮ ಕಡತಗಳ ಪ್ರತಿಗಳನ್ನು ಒಂದೇ ಜಾಗದಲ್ಲಿ ಇಡಬೇಡಿ.
– ನಿವೃತ್ತ ಪ್ರಾಧ್ಯಾಪಕ

*

ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರದ ಪಿಎಚ್.ಡಿ ಬಿಟ್ಟವಳು, ಬಿಟ್ಟಿದ್ದಕ್ಕೆ ಬೇಸರವಿಲ್ಲ. ಆದರೆ ದಣಿದಾಗ ನಿರ್ಧಾರ ಮಾಡಬೇಡಿ. ನಿಮಗೆ ಸಾಕಾಗಿರುವುದು ವಿಷಯವಾ, ಗೈಡಾ, ಒಬ್ಬರೇ ಕೂತು ಬರೆಯುವುದಾ? ವಿಷಯವೇ ಸಾಕಾಗಿದ್ದರೆ ಬಿಡುವ ಯೋಚನೆ ಸರಿ. ಉಳಿದೆರಡಕ್ಕೆ ಬೇರೆ ದಾರಿಗಳಿವೆ. ರಜೆ ಪಡೆದು ನೋಂದಣಿ ಉಳಿಸಿಕೊಳ್ಳುವ ಅವಕಾಶ ಇದೆಯಾ ಎಂದು ಮೊದಲು ವಿಚಾರಿಸಿ.

ನಿದ್ದೆ ಬರುತ್ತಿಲ್ಲ, ಏನೂ ಬೇಡ ಅನಿಸುತ್ತಿದೆ ಅಂದರೆ ದಯವಿಟ್ಟು ವೈದ್ಯರನ್ನು ಕಾಣಿ. 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ, 26 ದೇಶಗಳ 2,279 ವಿದ್ಯಾರ್ಥಿಗಳ ಪೈಕಿ ಶೇ 41ರಷ್ಟು ಮಂದಿಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ ಕಂಡುಬಂದಿತ್ತು. ಹೆಚ್ಚಿನವರು ಪಿಎಚ್.ಡಿ ಮಾಡುತ್ತಿದ್ದವರೇ. ನೀವು ತಿಂಗಳುಗಟ್ಟಲೆ ಬೇರೆಯವರ ಕಷ್ಟ ಕೇಳಿ ಬಂದಿದ್ದೀರಿ, ಆ ಭಾರವೂ ಇರುತ್ತೆ.
– ಸಂಶೋಧನಾ ಸಂಸ್ಥೆಯೊಂದರ ಉದ್ಯೋಗಿ

*

ಮನೆಯವರ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ: ‘ಈ ತಿಂಗಳು ಮೂರನೇ ಅಧ್ಯಾಯದ ಮೊದಲ ಭಾಗ.’ ಇಷ್ಟೇ ಹೇಳುತ್ತೇನೆ. ಸುಮ್ನೆ ‘ಬೇಗ ಮುಗಿಯುತ್ತೆ’ ಅನ್ನುವುದನ್ನು ಬಿಟ್ಟ ಮೇಲೆ ಅವರೂ ಅಧ್ಯಾಯದ ಲೆಕ್ಕದಲ್ಲೇ ಕೇಳುತ್ತಾರೆ. ಬೆಳಿಗ್ಗೆ ಗೆಳತಿಯೊಬ್ಬಳ ಜೊತೆ ವಿಡಿಯೊ ಕಾಲ್ ಹಾಕಿಕೊಂಡು, ಮಾತಾಡದೆ ಒಂದು ಗಂಟೆ ಬರೆಯುತ್ತೇವೆ. ಅವಳದು ರಾಜ್ಯಶಾಸ್ತ್ರ. ನಿಮ್ಮ ವಿಭಾಗದಲ್ಲೂ ಬರೆಯಲಾಗದೆ ಕೂತವರು ಇದ್ದೇ ಇರುತ್ತಾರೆ, ಒಬ್ಬರನ್ನು ನಾಳೆಯೇ ಕೇಳಿ ನೋಡಿ.
– ನಾಲ್ಕನೇ ವರ್ಷದ ವಿದ್ಯಾರ್ಥಿನಿ