ಸಹಾಯ ಬೇಕು: ಥಲಸ್ಸೀಮಿಯಾ, ಕಬ್ಬಿಣ ಇಳಿಸೋ ಮಾತ್ರೆ ಯಾವ ಹೊತ್ತಲ್ಲಿ ಕೊಡೋದು?

ಮಗನಿಗೆ ಥಲಸ್ಸೀಮಿಯಾ ಮೇಜರ್, ಅಂದ್ರೆ ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದ ಬರೋ ರಕ್ತದ ಕಾಯಿಲೆ. ಅವನಿಗೆ 14 ವರ್ಷ, ತೂಕ 36 ಕೆಜಿ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸ್ತೀವಿ. ಹಾಕಿಸೋ ಮುಂಚೆ ಹಿಮೋಗ್ಲೋಬಿನ್ 9.5ರ ಹತ್ತಿರ ಇರುತ್ತೆ, ಅದರ ಚಿಂತೆ ಇಲ್ಲ. ಹಾಕಿಸಿದ ರಕ್ತದಿಂದ ಮೈಯಲ್ಲಿ ಸೇರಿಕೊಳ್ಳೋ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಮಾತ್ರ 2,600 ದಾಟಿದೆ.

ಕಾರಣ ಗೊತ್ತಿರೋದೇ, ಡೋಸ್ ತಪ್ಪುತ್ತಿದೆ. ಇಷ್ಟು ದಿನ ಕೊಡ್ತಿದ್ದದ್ದು ಕಬ್ಬಿಣ ಇಳಿಸೋ ಡೆಫೆರಾಸಿರಾಕ್ಸ್, ನೀರಲ್ಲಿ ಕದಡೋ ಮಾತ್ರೆ, ದಿನಕ್ಕೆ 1,000 ಮಿ.ಗ್ರಾಂ. ಖಾಲಿ ಹೊಟ್ಟೇಲಿ 200 ಮಿ.ಲೀ. ನೀರಿಗೆ ಕದಡಿ ಕುಡೀಬೇಕು, ತಳದಲ್ಲಿ ಉಳಿದಿದ್ದಕ್ಕೆ ಮತ್ತೆ ನೀರು ಹಾಕಿ ಅದನ್ನೂ ಕುಡೀಬೇಕು, ಆಮೇಲೆ ಅರ್ಧ ಗಂಟೆ ಏನೂ ತಿನ್ನೋ ಹಾಗಿಲ್ಲ. ಸೀಮೆಸುಣ್ಣದ ನೀರು ಅಂತ ಮುಖ ತಿರುಗಿಸ್ತಾನೆ. ಹೊಟ್ಟೆ ನುಲಿತ, ಭೇದಿ, ಅದರ ಮೇಲೆ ಸ್ಕೂಲ್ ಬಸ್ಸಿನ ಅವಸರ. ಕಿತ್ತಳೆ, ಸೇಬಿನ ಜ್ಯೂಸಲ್ಲೂ ಕೊಟ್ಟು ನೋಡಾಯ್ತು. ಹಾಲಲ್ಲಿ ಸರಿಯಾಗಿ ಕರಗಲ್ಲ. ಕಬ್ಬಿಣ ಇಳಿಸೋ ಔಷಧಿಗೆ ರಾತ್ರಿಯೆಲ್ಲ ಸೂಜಿ ಚುಚ್ಚಿಕೊಂಡು ಮಲಗೋ ಪಂಪ್ ಅಂದ್ರೆ ಮಾತೇ ಬಿಡ್ತಾನೆ. ಧೈರ್ಯದ ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿದೆ. ದಿನಚರಿ ಹಗುರ ಆದ್ರೇನೇ ಮನಸ್ಸೂ ಸುಧಾರಿಸೋದು ಅಂತ ನನ್ನ ಲೆಕ್ಕ.

ಡಾಕ್ಟ್ರು ಈಗ ಇದೇ ಔಷಧಿಯ ನುಂಗೋ ಮಾತ್ರೆಗೆ ಬದಲಾಯಿಸಿದ್ದಾರೆ. ಇದರಲ್ಲಿ ಡೋಸ್ ಸುಮಾರು 30% ಕಮ್ಮಿ, ಹಾಗಾಗಿ ದಿನಕ್ಕೆ 360 ಮಿ.ಗ್ರಾಂ. ಮಾತ್ರೆ ಎರಡು. ಕ್ರಿಯಾಟಿನಿನ್ (ಕಿಡ್ನಿದು), ಲಿವರ್ ಪರೀಕ್ಷೆಗೂ ಚೀಟಿ ಬರೆದುಕೊಟ್ಟಿದ್ದಾರೆ. "ಖಾಲಿ ಹೊಟ್ಟೇಲಿ, ಇಲ್ಲಾಂದ್ರೆ ಕೊಬ್ಬು ಕಮ್ಮಿ ಇರೋ ಹಗುರ ತಿಂಡಿ ಜೊತೆ, ದಿನಾ ಒಂದೇ ಹೊತ್ತಿಗೆ" ಅಂದಿದ್ದಾರೆ. ಗೊಂದಲ ಇಲ್ಲೇ. ಕಾಯಿಚಟ್ನಿ ಬಿಟ್ಟು ಎರಡು ಇಡ್ಲಿ ಸರಿ, ಆದ್ರೆ ದೋಸೆ, ಒಗ್ಗರಣೆ ಉಪ್ಪಿಟ್ಟು?

ಶಾಲೆಗೆ ಹೋಗೋ ಮಕ್ಕಳಿಗೆ ಇದೇ ಮಾತ್ರೆ ಕೊಡ್ತಿರೋರು ಹೇಳಿ: ಬೆಳಿಗ್ಗೆನಾ, ರಾತ್ರಿನಾ? ಯಾವ ತಿಂಡಿ ಜೊತೆ? ಹೊಟ್ಟೆ ನುಲಿತ ಕಮ್ಮಿ ಆಯ್ತಾ?