ಸಹಾಯ ಬೇಕು: 2019ರ ಮಳೆಯನ್ನು ಲೆಕ್ಕಕ್ಕೆ ಸೇರಿಸಬೇಕಾ, ಬಿಡಬೇಕಾ?

ನಮಸ್ಕಾರ. ಸಂಖ್ಯಾಶಾಸ್ತ್ರ ಗೊತ್ತಿದ್ದವರು ಸ್ವಲ್ಪ ನೋಡಿ.

ನಮ್ಮೂರು ಬಾದಾಮಿ ತಾಲೂಕು, ಮಲಪ್ರಭಾ ದಂಡೆ. 2019ರ ಆಗಸ್ಟ್‌ನಲ್ಲಿ ಹೊಳೆ ಪಡಸಾಲೆಗೇ ಬಂತು. ಕೆಸರಿನ ಗೆರೆ ಗೋಡೆ ಮೇಲೆ ಇನ್ನೂ ಇದೆ, ಕ್ಯಾಲೆಂಡರ್ ಮೊಳೆಗಿಂತ ಒಂದು ಗೇಣು ಮೇಲೆ. ಕಾಕಾ ಅಲ್ಲೇ ಹೊಸ ಮನೆ ಕಟ್ಟುತ್ತಾರಂತೆ. "ನೂರು ವರ್ಷಕ್ಕೊಮ್ಮೆ ಬರೋದು ಬಂದು ಹೋತಲ್ಲ, ಇನ್ನೇನು ಚಿಂತಿ?" ಅಂದರು. ಹಾಗಲ್ಲ ಕಾಕಾ, ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ ಇದ್ದೇ ಇರುತ್ತದೆ, 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26 ಅಂದೆ. ಸುಮ್ನೆ ನಕ್ಕರು.

ಲೆಕ್ಕ ಹಾಕಿಯೇ ತೋರಿಸೋಣ ಅಂತ ಕೂತೆ. ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಹಾಗಾಗಿ ಅಲ್ಲಿನ ಮಳೆಯನ್ನೇ ತೆಗೆದುಕೊಂಡೆ. 1981ರಿಂದ 2020ರವರೆಗೆ, ಪ್ರತಿ ವರ್ಷ ಮೂರು ದಿನದಲ್ಲಿ ಬಿದ್ದ ಅತಿ ಜಾಸ್ತಿ ಮಳೆ. ಅಂದರೆ ಬರೀ 40 ಅಂಕಿ! ಜಿಇವಿ (ವರ್ಷದ ಗರಿಷ್ಠ ಅಂಕಿಗಳಿಗೆ ಹೊಂದಿಸುವ ಸಂಭವನೀಯತೆಯ ಸೂತ್ರ) ಹೊಂದಿಸಿದರೆ ಅದರ ಆಕಾರದ ಪ್ಯಾರಾಮೀಟರ್, ಅಂದರೆ ತೀರಾ ದೊಡ್ಡ ಮಳೆ ಎಷ್ಟು ಅಪರೂಪ ಅಂತ ತೀರ್ಮಾನಿಸುವ ಅಂಕಿ, ನಂಬುವ ಹಾಗಿಲ್ಲ. ಅದು ಸೊನ್ನೆಯಾದರೆ ಗಂಬೆಲ್ ಅನ್ನುವ ಸರಳ ರೂಪ. ಸೊನ್ನೆಗಿಂತ ಜಾಸ್ತಿಯಾದರೆ ಬಾಲ ದಪ್ಪ, ಅಂದರೆ ತೀರಾ ದೊಡ್ಡ ಮಳೆಯ ಸಾಧ್ಯತೆ ನಿಧಾನಕ್ಕೆ ಇಳಿಯುತ್ತದೆ, ಮಳೆಗೆ ಮೇಲ್ಮಿತಿಯೇ ಇಲ್ಲ. ಮನೆಯ ಪಾಯ ಎಷ್ಟು ಎತ್ತರ ಅನ್ನುವುದು ಇದರ ಮೇಲೇ ನಿಂತಿದೆ.

ನಾನು ಲೆಕ್ಕಕ್ಕೆ ಕೂತಿದ್ದೇ 2019ರಲ್ಲಿ ಹೊಳೆ ಬಂದದ್ದಕ್ಕೆ. ಅದನ್ನು ಸೇರಿಸಿದರೆ ಬೇಕಂತಲೇ ಹೆದರಿಸಿದ ಹಾಗೆ, ಬಿಟ್ಟರೆ ಕಣ್ಣು ಮುಚ್ಚಿಕೊಂಡ ಹಾಗೆ. ಏನು ಮಾಡಲಿ?

ಒಂದು ಮಿತಿ ದಾಟಿದ ಮಳೆಯನ್ನೆಲ್ಲ ಎಣಿಸಿ ಪರೇಟೊ (ಮಿತಿ ದಾಟಿದ ಅಂಕಿಗಳಿಗೆ ಹೊಂದಿಸುವ ಸೂತ್ರ) ಹೊಂದಿಸಿದರೆ ಅಂಕಿ ಜಾಸ್ತಿ ಸಿಗುತ್ತವೆ, ನಿಜ. ಆದರೆ ಬಿಡದೆ ಸುರಿದ ಮಳೆಯನ್ನು ಒಂದೇ ಘಟನೆ ಅನ್ನಬೇಕಲ್ವಾ? ನಡುವೆ ಎಷ್ಟು ದಿನ ಬಿಡುವಿದ್ದರೆ ಬೇರೆ ಅಂತ ಹಿಡಿಯುತ್ತೀರಿ?

ಇನ್ನು ನವಿಲುತೀರ್ಥದ ಅಣೆಕಟ್ಟು ಕಣಕುಂಬಿಗೂ ನಮ್ಮೂರಿಗೂ ಮಧ್ಯದಲ್ಲಿದೆ. ಗೇಟು ತೆಗೆಯುವುದು ಮನುಷ್ಯರು, ಅದನ್ನು ಯಾವ ಸೂತ್ರಕ್ಕೆ ಹಾಕಲಿ?

ಬೇಗ ಹೇಳಿ. ಮುಂದಿನ ತಿಂಗಳು ಕಾಕಾ ಪಾಯ ತೋಡಿಸುತ್ತಾರೆ.